ಮೂರು ಸಮ ಪಾಲಿನ ಡಿಸ್ಕು

“ಅಕ್ಕಾರ, ಹೊಸಾ ಮದರ್‌ಬೋರ್ಡ್ ಕೂಡಿಸ್ಯಾರ, ಆದ್ರ ಮುಂದ ಏನೂ ಏಳವಲ್ದು. ನೀವ ಬಂದು ಎಲ್ಲಾ ಹೊಸದಾಗಿ ಹಾಕಿಕೊಡ್ರಿ. ಒಂದ ಮಾತು, ನಮ್ಮ ತಮ್ಮನ ಪಾಲಿಗೆ ಮಾತ್ರ ಏನೂ ಆಗಬಾರ್ದ್ರಿ.”

ಲಕ್ಷ್ಮೇಶ್ವರದ ಫೋಟೋ ಸ್ಟುಡಿಯೋ ಮಾಲೀಕರು ಫೋನಿನಲ್ಲಿ ಹೇಳಿದ್ದು ಇಷ್ಟೇ. ಬೆಟಗೇರಿಯ ನನ್ನ ರಿಪೇರಿ ಅಂಗಡಿಯ ಬಾಗಿಲು ಎಳೆದು, ಚೀಲದಲ್ಲಿ ಎರಡು ಪೆನ್ ಡ್ರೈವ್, ಒಂದು ದೊಡ್ಡ ಪೋರ್ಟಬಲ್ ಡಿಸ್ಕ್, ಸ್ಕ್ರೂಡ್ರೈವರ್ ಹಾಕಿಕೊಂಡು ಮರುದಿನ ಬೆಳಿಗ್ಗೆ ಬಸ್ ಹತ್ತಿದೆ. ಸೊರಟೂರ ದಾಟುವವರೆಗೂ ಆ ‘ತಮ್ಮನ ಪಾಲು’ ಎಂಬ ಮಾತೇ ತಲೆಯಲ್ಲಿತ್ತು. ಯಾಕೆಂದರೆ ಆ ಪಾಲು ಮಾಡಿಕೊಟ್ಟವಳೇ ನಾನು.

ಆರು ವರ್ಷದ ಹಿಂದೆ ಅಣ್ಣ ತಮ್ಮ ಇಬ್ಬರೂ ಸೇರಿ ಆ ಕಂಪ್ಯೂಟರ್ ಕೊಂಡಾಗ ಒಂದು ಟಿಬಿಯ ಹಾರ್ಡ್ ಡಿಸ್ಕ್ ಹಾಕಿಸಿದ್ದರು. ಆಪರೇಟಿಂಗ್ ಸಿಸ್ಟಂಗೆ ‘ಸಿ’ ಎಂದು ನೂರು ಜಿಬಿ ತೆಗೆದಿಟ್ಟು, ಉಳಿದದ್ದನ್ನು ಹೇಗೆ ಭಾಗ ಮಾಡಲಿ ಎಂದು ಕೇಳಿದ್ದೆ. ಗಿರಾಕಿಗಳ ಫೋಟೋ, ವಿಡಿಯೋಗೆ ಹೆಚ್ಚು ಜಾಗ ಬೇಕಾಗುತ್ತದೆ, ಅಂಗಡಿಯ ಪಾಲು ದೊಡ್ಡದಿರಲಿ ಎಂದು ನನ್ನ ಸಲಹೆ. ಅಣ್ಣ ಒಪ್ಪಲಿಲ್ಲ.

“ಮೂರು ಸಮ ಮಾಡ್ರಿ. ಒಂದು ನಂದು, ಒಂದು ಇವಂದು, ಒಂದು ಅಂಗಡೀದು. ಹೊಲಾ ಹೆಂಗ ಹಂಚತೀವಿ ಹಂಗ. ಹೆಚ್ಚುಕಮ್ಮಿ ಮಾಡಿದ್ರ ನಾಳೆ ಮಾತು ಬರ್ತಾವು.”

ತಮ್ಮ ಪಕ್ಕದಲ್ಲೇ ನಿಂತು ನಗುತ್ತಿದ್ದ. “ಅಣ್ಣಾ, ಇದು ಡಿಸ್ಕೋ, ಎರಿಹೊಲಾನೋ?” ಎಂದು ಕೇಳಿದ. ನಾನೂ ನಕ್ಕು, ಇನ್ನೂರಾ ಎಪ್ಪತ್ತೇಳು ಜಿಬಿಯಂತೆ ಮೂರು ಪಾಲು ಕೊಯ್ದು ಅಣ್ಣನಿಗೆ ಡಿ, ಅಂಗಡಿಗೆ ಇ, ತಮ್ಮನಿಗೆ ಎಫ್ ಎಂದು ಅಕ್ಷರ ಕೊಟ್ಟು ಬಂದಿದ್ದೆ. ಕಂಪ್ಯೂಟರ್ ಕೂಡಿಸಲು ಹೋದವಳು ಅಲ್ಲಿ ಊರ ಪಂಚರಂತೆ ಪಾಲು ಹಂಚಿ ಬಂದೆ ಎಂದು ಮನೆಯಲ್ಲಿ ಹೇಳಿಕೊಂಡು ನಕ್ಕದ್ದೂ ನೆನಪಿದೆ.

ಮೂರು ವರ್ಷದ ಹಿಂದೆ ತಮ್ಮ ಸ್ಟುಡಿಯೋ ಬಿಟ್ಟು ಹೋದ. ಒಂದು ಮದುವೆಯ ವಿಡಿಯೋ ಹೇಗೆ ಜೋಡಿಸಬೇಕು ಎಂಬುದರ ಮೇಲೆ ಮಾತು ಬೆಳೆದು, ಅಣ್ಣ ಗಿರಾಕಿಗಳ ಎದುರಿಗೇ “ಕೆಲಸಾ ಕಲಿಸಿದಾಂವ ನಾನು, ಅಂಗಡಿ ನಂದು” ಎಂದುಬಿಟ್ಟರಂತೆ. ಅಂದೇ ಸಂಜೆ ತಮ್ಮ ತನ್ನ ಕ್ಯಾಮೆರಾ ತೆಗೆದುಕೊಂಡು ಹೊರಟವನು ಈಗ ಮುಂಡರಗಿಯಲ್ಲಿ ಬೇರೊಬ್ಬರ ಸ್ಟುಡಿಯೋದಲ್ಲಿದ್ದಾನೆ. ಇಬ್ಬರ ನಡುವೆ ಮಾತಿಲ್ಲ. ಈ ವಿಷಯ ನಮ್ಮ ಕಡೆಯ ಫೋಟೋಗ್ರಾಫರರಿಗೆಲ್ಲ ಗೊತ್ತು.

ನಾನು ಹೋದಾಗ ಮಾಲೀಕರು ಕಾಯುತ್ತ ಕುಳಿತಿದ್ದರು. ಐವತ್ತರ ಆಸುಪಾಸಿನ ಮನುಷ್ಯ, ಮಾತು ಕಡಿಮೆ. ಟೇಬಲ್ಲಿನ ಕೆಳಗೆ ಬಿಸ್ಕಿಟ್ ಡಬ್ಬಿಗಳ ತುಂಬ ಸಿ.ಡಿ., ಡಿವಿಡಿ, ಹಳೆಯ ಪೆನ್ ಡ್ರೈವ್. ಇದೇನು ಎಂದರೆ, ಜಾಗ ಸಾಲದ್ದಕ್ಕೆ ಹಳೆಯ ಮದುವೆಗಳನ್ನೆಲ್ಲ ಹೊರಗೆ ತೆಗೆದಿಟ್ಟಿದ್ದಾಗಿ ಹೇಳಿದರು. ಇನ್ನೊಂದು ಡಿಸ್ಕ್ ತಗೊಳ್ಳಿ ಎಂದರೆ, ಇದೇ ಇರಲಿ ಎಂದು ಕೈ ಆಡಿಸಿದರು. ಡಿಸ್ಕಿನ ಆರೋಗ್ಯ ನೋಡಿದೆ, ಚೆನ್ನಾಗಿಯೇ ಇತ್ತು. ಸರಿ ಎಂದು ಕೆಲಸಕ್ಕೆ ಕೂತೆ.

ಇನ್‌ಸ್ಟಾಲ್ ಮಾಡುವ ಪೆನ್ ಡ್ರೈವ್ ಚುಚ್ಚಿ ಬೂಟ್ ಮಾಡಿದೆ. ಡಿಸ್ಕಿನ ಭಾಗಗಳ ಪಟ್ಟಿ ಬಂತು. ಇಲ್ಲಿ ಡಿ, ಇ, ಎಫ್ ಎಂಬ ಅಕ್ಷರಗಳು ಕಾಣುವುದಿಲ್ಲ. ಬರೀ ಒಂದು, ಎರಡು, ಮೂರು ಎಂದು ಅಂಕಿ, ಮುಂದೆ ಅಳತೆ. ಕೊನೆಯ ಮೂರೂ ಒಂದೇ ಅಳತೆ. ಅವತ್ತು ಒಂದೊಂದಕ್ಕೆ ಹೆಸರಾದರೂ ಇಟ್ಟು ಬರಬಾರದಿತ್ತೇ ಎಂದು ನನ್ನನ್ನೇ ಬೈದುಕೊಂಡೆ. ಆಪರೇಟಿಂಗ್ ಸಿಸ್ಟಂ ಇದ್ದ ನೂರು ಜಿಬಿಯ ಭಾಗ ಅಳಿಸಿ, ಅಲ್ಲೇ ಹೊಸದನ್ನು ಹಾಕುವುದು ನನ್ನ ಯೋಜನೆ. ಉಳಿದ ಮೂರನ್ನು ಮುಟ್ಟುವ ಕಾರಣವೇ ಇರಲಿಲ್ಲ.

ಇನ್‌ಸ್ಟಾಲರ್ ಮುಂದಕ್ಕೆ ಹೋಗಲು ಒಪ್ಪಲಿಲ್ಲ. ಈ ಡಿಸ್ಕಿನ ಮೇಲೆ ಹಳೆಯ ಪದ್ಧತಿಯ ಪಾರ್ಟಿಷನ್ ಪಟ್ಟಿ ಇದೆ, ಇಲ್ಲಿ ಹಾಕಲು ಬರುವುದಿಲ್ಲ ಎಂಬ ಸಂದೇಶ. ಹೊಸ ಮದರ್‌ಬೋರ್ಡು ಹೊಸ ಪದ್ಧತಿಯ ಪಟ್ಟಿಯನ್ನೇ ಕೇಳುತ್ತದೆ. ಹಳೆಯದಕ್ಕೆ ಬದಲಿಸುವ ಆಯ್ಕೆ ಇದೆಯೇ ಎಂದು ಬೋರ್ಡಿನ ಸೆಟ್ಟಿಂಗ್ ಎಲ್ಲ ತಡಕಾಡಿದೆ, ಇರಲಿಲ್ಲ. ಡೇಟಾ ಅಳಿಸದೆ ಹಳೆಯ ಪಟ್ಟಿಯನ್ನು ಹೊಸದಾಗಿ ಮಾರ್ಪಡಿಸುವ ಒಂದು ಟೂಲ್ ಇದೆ, ಅದನ್ನು ಓಡಿಸಿದೆ. ಅದೂ ಕೈ ಎತ್ತಿತು. ಹಳೆಯ ಪದ್ಧತಿಯಲ್ಲಿ ನಾಲ್ಕಕ್ಕಿಂತ ಹೆಚ್ಚು ಭಾಗ ಬೇಕೆಂದರೆ ಒಂದು ದೊಡ್ಡ ಭಾಗ ಮಾಡಿ ಅದರ ಹೊಟ್ಟೆಯೊಳಗೆ ಸಣ್ಣವನ್ನು ಇಡಬೇಕು. ಸಿಸ್ಟಂ ತನಗಾಗಿ ತೆಗೆದುಕೊಂಡ ಚಿಕ್ಕ ಭಾಗವೂ ಸೇರಿ ಒಟ್ಟು ಐದಾಗಿದ್ದರಿಂದ, ಆರು ವರ್ಷದ ಹಿಂದೆ ಮೂರು ಸಮ ಪಾಲಿಗಾಗಿ ನಾನು ಮಾಡಿದ್ದು ಅದನ್ನೇ. ಅಂಥ ಡಿಸ್ಕನ್ನು ಆ ಟೂಲ್ ಮುಟ್ಟುವುದಿಲ್ಲ.

ಅಂದರೆ ಉಳಿದ ದಾರಿ ಒಂದೇ. ಇಡೀ ಡಿಸ್ಕ್ ಒರೆಸಬೇಕು. ಮಾಲೀಕರಿಗೆ ಹೇಳಿದೆ.

“ಇಡೀ ಅಂದ್ರ? ಡಿ, ಇ, ಎಫ್ ದಾಗ ಇಟ್ಟಿದ್ದು ಹೋಗೂದಿಲ್ಲ ಅಂತಿದ್ರೆಲ್ರಿ?”

“ಸಿ ಒಂದ ಫಾರ್ಮ್ಯಾಟ್ ಮಾಡಿದ್ರ ಹೋಗೂದಿಲ್ರಿ ಅಣ್ಣಾರ. ಈಗ ನೆಲಾನ ಬದಲಿ ಮಾಡೂದೈತಿ. ಚಿಂತಿ ಬ್ಯಾಡ್ರಿ, ಎಲ್ಲಾ ನನ್ನ ಡಿಸ್ಕಿಗೆ ತಗೊಂಡು, ಆಮ್ಯಾಲೆ ಹೊಳ್ಳಿ ಹಾಕಿಕೊಡ್ತೀನಿ.”

ಅವರು ಕೇಳಿದರು. “ತಮ್ಮಂದು ತೆರದು ನೋಡದ ಒಯ್ಯಾಕ ಬರತೈತೇನ್ರಿ?”

ಬರುತ್ತದೆ ಎಂದೆ. ಬೀಗ ಹಾಕಿದ ಪೆಟ್ಟಿಗೆಯನ್ನು ಹಾಗೆಯೇ ಎತ್ತಿಡುವಂತೆ ಇಡೀ ಭಾಗದ ಪ್ರತಿ ತೆಗೆಯಬಹುದು. ಅವರಿಗೆ ಸಮಾಧಾನವಾಯಿತು, ಎದ್ದು ಹೋಗಿ ಅಂಗಡಿಯ ಮುಂದೆ ನಿಂತರು.

ಎರಡನೆಯ ಪೆನ್ ಡ್ರೈವಿನಿಂದ ಬೇರೊಂದು ಪುಟ್ಟ ಸಿಸ್ಟಂ ಬೂಟ್ ಮಾಡಿದೆ. ಡಿಸ್ಕಿನ ಮೇಲೆ ಏನನ್ನೂ ಬರೆಯದೆ ಬರೀ ಓದುವುದಕ್ಕೆ ಅದು ಅನುಕೂಲ. ಪ್ರತಿ ಭಾಗದಲ್ಲಿ ಎಷ್ಟು ತುಂಬಿದೆ ಎಂಬುದನ್ನು ಅದು ತೆರೆಯದೆಯೇ ತೋರಿಸುತ್ತದೆ. ಮೊದಲ ಪಾಲು ಕಂಠಮಟ್ಟ ತುಂಬಿತ್ತು. ಎರಡನೆಯದೂ ಹಾಗೆಯೇ. ಮೂರನೆಯದು, ಎಫ್ ಆಗಿದ್ದದ್ದು, ತಮ್ಮನದು, ಖಾಲಿ.

ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದೆ. ಖಾಲಿಯೇ. ಈಗಷ್ಟೇ ಫಾರ್ಮ್ಯಾಟ್ ಮಾಡಿದ ಭಾಗ ಹೇಗೆ ಕಾಣುತ್ತದೋ ಹಾಗೆ.

ಇನ್‌ಸ್ಟಾಲರಿನ ಪಟ್ಟಿಯಲ್ಲಿ ಒಂದೊಂದೇ ಭಾಗದ ಮೇಲೆ ಒತ್ತಿ ಅಳತೆ ನೋಡಿದ್ದೆ. ಆಗ ಕೆಳಗಿದ್ದ ಫಾರ್ಮ್ಯಾಟ್ ಗುಂಡಿಗೆ ಕೈ ತಗುಲಿತೇ? ಅದು ಒಮ್ಮೆ ಎಚ್ಚರಿಸಿ ಕೇಳುತ್ತದೆ; ಕೇಳಿದ್ದಕ್ಕೆ ಅಭ್ಯಾಸಬಲದಲ್ಲಿ ‘ಸರಿ’ ಎಂದು ಒತ್ತಿದೆನೇ? ದಿನಕ್ಕೆ ಎಷ್ಟೋ ಸಲ ಒತ್ತುವ ಗುಂಡಿ ಅದು. ಒತ್ತಿಲ್ಲ ಎಂದು ಆಣೆ ಮಾಡಿ ಹೇಳುವ ಧೈರ್ಯ ನನಗೆ ಬರಲಿಲ್ಲ. ಆ ಮನುಷ್ಯ ಕೇಳಿದ್ದು ಒಂದೇ ಒಂದು ಮಾತು, ಅದನ್ನೇ ನಾನು ಕೆಡಿಸಿದೆನೇ?

ಅಳಿಸಿದ್ದನ್ನು ಹುಡುಕುವ ಸಾಫ್ಟ್‌ವೇರ್ ನನ್ನ ಬಳಿ ಇತ್ತು. ಆದರೆ ಒಂದೇ ಡಿಸ್ಕಿನಿಂದ ಎರಡು ಕೆಲಸ ಒಟ್ಟಿಗೆ ತೆಗೆಯಬಾರದು. ಎರಡೂ ನಿಧಾನವಾಗುತ್ತವೆ, ಡಿಸ್ಕಿಗೂ ಒಳ್ಳೆಯದಲ್ಲ. ಮೊದಲು ಇದ್ದದ್ದನ್ನು ಉಳಿಸಿಕೊಳ್ಳಬೇಕು, ಆಮೇಲೆ ಹೋದದ್ದನ್ನು ಹುಡುಕಬೇಕು. ಅಂಗಡಿಯ ಪಾಲನ್ನೂ ಅಣ್ಣನ ಪಾಲನ್ನೂ ನನ್ನ ಡಿಸ್ಕಿಗೆ ಕಾಪಿ ಹಚ್ಚಿದೆ. ನಾಲ್ಕು ತಾಸು ಎಂದು ತೋರಿಸಿತು. ನಾಲ್ಕು ತಾಸು ಏನೂ ಆಗದವಳಂತೆ ಮುಖ ಇಟ್ಟುಕೊಂಡು ಕೂಡಬೇಕಾಯಿತು.

ಮಧ್ಯಾಹ್ನ ಅವರ ಮನೆಯಿಂದ ಬುತ್ತಿ ಬಂತು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಮಾಲೀಕರು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತ ತಾವಾಗಿಯೇ ಮಾತು ತೆಗೆದರು.

“ಅಂವ ಕ್ಯಾಮೆರಾ ಹಿಡದ್ರ ಮಂದಿ ನಗತಿದ್ರು ನೋಡ್ರಿ. ನಾ ‘ನಗ್ರಿ’ ಅಂದ್ರ ಹಲ್ಲು ಕಿಸೀತಾರ ಅಷ್ಟ. ಅಂವ ಏನೂ ಅಂತಿದ್ದಿಲ್ಲ, ಆದ್ರೂ ನಗತಿದ್ರು. ಹೆಂಗ ಅಂತ ನನಗ ಇವತ್ತಿಗೂ ತಿಳಿದಿಲ್ಲ.”

ನಾನು ತಲೆ ಎತ್ತಲಿಲ್ಲ. ರೊಟ್ಟಿಯನ್ನು ಸುಮ್ಮನೆ ಮುರಿಯುತ್ತ ಕುಳಿತೆ.

“ಉಣ್ರಿ ಅಕ್ಕಾರ, ಖಾರ ಆತೇನು?”

“ಇಲ್ರಿ, ಭಾಳ ಚಲೋ ಆಗೇತಿ” ಎಂದೆ. ಆ ಕ್ಷಣಕ್ಕೆ ಎದ್ದು ಬಸ್ ಹತ್ತಿ ಹೋಗಿಬಿಡೋಣ ಅನ್ನಿಸಿದ್ದು ಸುಳ್ಳಲ್ಲ.

ಮೂರು ಗಂಟೆಗೆ ಕಾಪಿ ಮುಗಿಯಿತು. ಕಾಪಿ ಆಯಿತು ಎಂದ ಮಾತ್ರಕ್ಕೆ ನಂಬಬಾರದು. ಎರಡೂ ಕಡೆ ಫೈಲುಗಳ ಲೆಕ್ಕ ಹೊಂದಿಸಿ, ಅಲ್ಲಲ್ಲಿ ನಾಲ್ಕು ವಿಡಿಯೋ ತೆರೆದು ನೋಡಿ, ಸರಿ ಇದೆ ಎಂದಾದ ಮೇಲೆ ಮೂರನೆಯ ಪಾಲಿನ ಮೇಲೆ ಹುಡುಕಾಟ ಹಚ್ಚಿದೆ. ಇದು ಬರೀ ಓದುತ್ತದೆ. ಫೈಲ್ ಅಳಿಸಿದರೂ ಅದರ ಹೆಸರು, ತಾರೀಖು ಡಿಸ್ಕಿನ ದಾಖಲೆಯಲ್ಲಿ ಉಳಿದಿರುತ್ತವೆ, ಮೇಲೆ ಬೇರೇನೂ ಬಂದು ಕೂಡದಿದ್ದರೆ.

ಕೆಲವೇ ನಿಮಿಷಗಳಲ್ಲಿ ಪಟ್ಟಿ ಬಿಚ್ಚಿಕೊಂಡಿತು. ಸಾವಿರಗಟ್ಟಲೆ ಹೆಸರು, ಎಲ್ಲ ಅಳಿಸಿದ್ದರ ಗುರುತಿನ ಕೆಂಪು ಅಕ್ಷರದಲ್ಲಿ. ಈಗಷ್ಟೇ ಫಾರ್ಮ್ಯಾಟ್ ಆಗಿದ್ದರೆ ಈ ದಾಖಲೆಯ ಹಾಳೆಯ ಮೇಲೆ ಇಂದಿನ ತಾರೀಖು ಇರಬೇಕಿತ್ತು. ಇರಲಿಲ್ಲ. ಕೊನೆಯ ಬದಲಾವಣೆ ಮೂರು ವರ್ಷ ಹಳೆಯದು, ಎಲ್ಲವೂ ಒಂದೇ ದಿನ, ಒಂದೇ ಸಂಜೆಯಲ್ಲಿ ಹೋಗಿದ್ದವು. ಆಮೇಲೆ ಒಂದೇ ಒಂದು ಫೈಲೂ ಅಲ್ಲಿಗೆ ಬಂದಿರಲಿಲ್ಲ.

ನಾನಲ್ಲ. ನನ್ನ ಕೈಯಿಂದ ಹೋದದ್ದಲ್ಲ! ಬೆನ್ನ ಮೇಲಿನ ಚೀಲ ಇಳಿಸಿದಷ್ಟು ಹಗುರಾಯಿತು. ಮರುಗಳಿಗೆಯೇ ಮಾಲೀಕರ ನೆನಪಾಗಿ ಸಂಕಟವೂ ಆಯಿತು. ಮೂರು ವರ್ಷ ಈ ಮನುಷ್ಯ ಕಾದುಕೊಂಡು ಬಂದದ್ದು ಏನನ್ನು? ಹೇಗೆ ಹೇಳಲಿ? ಹೇಳದೆ ಒರೆಸಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ, ಆದರೆ ನನ್ನಿಂದ ಅದಾಗಲಿಲ್ಲ. ಅವರನ್ನು ಒಳಗೆ ಕರೆದು ಕೂಡಿಸಿದೆ.

“ಅಣ್ಣಾರ, ನಿಮ್ಮ ತಮ್ಮನ ಪಾಲಿನ್ಯಾಗ ಏನೂ ಇಲ್ರಿ. ಹೋಗೂ ದಿವಸನ ಎಲ್ಲಾ ತಗದಾನ.”

“ಗೊತ್ತೈತ್ರಿ.”

ಅವರು ನೆಲ ನೋಡುತ್ತ ಕುಳಿತಿದ್ದರು.

“ಅವತ್ತ ರಾತ್ರಿನ ನೋಡೇನ್ರಿ. ದಿನಾ ಕಂಪ್ಯೂಟರ್ ಹಚ್ಚಿದ್ರ ಕಾಣತಿತ್ತಲ್ಲ, ತುಂಬಿದ್ದು ಎರಡು ಕೆಂಪಗ, ಒಂದು ಖಾಲಿ.”

ನನಗೆ ಸಿಟ್ಟು ನೆತ್ತಿಗೇರಿತು. ನಾಲ್ಕು ತಾಸು ನಾನು ಪಟ್ಟ ಪಾಡು! “ಮುಂಜಾನೆನ ಒಂದ ಮಾತು ಹೇಳಬಾರದೇನ್ರಿ? ನಾನ ಅಳಿಸಿಬಿಟ್ಟೆ ಅಂತ ನನ್ನ ಜೀವಾನ ಹೋಗಿತ್ತು. ಜಾಗಾ ಇಲ್ಲ ಅಂತ ಡಬ್ಬಿಯೊಳಗ ಸಿ.ಡಿ. ತುಂಬಿ ಇಟ್ಟೀರಿ, ಇಲ್ಲಿ ನೋಡಿದ್ರ ಇಷ್ಟು ಜಾಗಾ ಬೀಳು ಬಿದ್ದೈತಿ!”

“ಖಾಲಿ ಐತಿ ಅಂದಿದ್ರ ನೀವು ಅದನ್ನ ಅಂಗಡಿಪಾಲಿಗೆ ಕೂಡಿಸಿಬಿಡ್ತಿದ್ರಿ.”

ಅದು ನಿಜ. ಬೆಳಿಗ್ಗೆಯೇ ಗೊತ್ತಾಗಿದ್ದರೆ ಹಿಂದೆ ಮುಂದೆ ನೋಡದೆ ಕೂಡಿಸುತ್ತಿದ್ದೆ.

“ಅಂಗಡಿ ನಂದು ಅಂದುಬಿಟ್ಟೆ ನೋಡ್ರಿ ಅವತ್ತ” ಎಂದರು. “ಅಂದಿದ್ದನ್ನ ಹೊಳ್ಳಿ ತಗೊಳ್ಳಾಕ ಬರೂದಿಲ್ಲ. ಅವನ ಜಾಗಾದಾಗ ನಂದೊಂದು ಫೋಟೋ ಇಟ್ಟಿದ್ರೂ, ಅಂದಿದ್ದು ಖರೇ ಮಾಡಿದಂಗ ಆಗತಿತ್ತು.”

ನನ್ನ ಸಿಟ್ಟು ಎಲ್ಲಿಗೆ ಹೋಯಿತೋ. ನಾನು ಒಬ್ಬಳೇ ಮಗಳು; ಅಣ್ಣ ತಮ್ಮ ಎಂಬುದನ್ನು ಬೇರೆಯವರ ಮನೆಯಲ್ಲಿ ಕಂಡವಳು. ನಾನು ಎದ್ದು ಬಂದ ಜಾಗವನ್ನು ಯಾರಾದರೂ, ಎಲ್ಲಾದರೂ, ಹೀಗೆ ಖಾಲಿಯಾಗಿಯೇ ಇಟ್ಟುಕೊಂಡಿರಬಾರದೇ ಎಂದು ಆಗ ಬಹಳ ಆಸೆಯಾಯಿತು. ಆ ತಮ್ಮನ ಮೇಲೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಪರದೆಯ ಮೇಲೆ ಕೆಂಪು ಹೆಸರುಗಳು ಹಾಗೇ ಇದ್ದವು. “ಬೇಕಂದ್ರ ಇವನ್ನೆಲ್ಲಾ ವಾಪಸ್ ತರಬಹುದ್ರಿ. ಇಡೀ ಡಿಸ್ಕ್ ಒರಿಸಿ ಹೊಸಾದು ಬರದ್ರ ಮತ್ತ ಸಿಗೂದಿಲ್ಲ. ಇದ ಕಡೀ ಅವಕಾಶ” ಎಂದೆ. ಬೇಡವೆಂದು ತಲೆ ಆಡಿಸಿದರು. ಆದರೆ ಕಣ್ಣು ಪಟ್ಟಿಯ ಮೇಲೇ ಇತ್ತು. ನಾನು ನಿಧಾನವಾಗಿ ಕೆಳಗೆ ಸರಿಸಿದೆ. ಮದುವೆಗಳ ಹೆಸರು, ಊರುಗಳ ಹೆಸರು, ‘ಹೊಂಬಳ ಸುಗ್ಗಿ’, ‘ನಾಗಾವಿ ಗುಡ್ಡ’. ಅದರ ಕೆಳಗೆ ಒಂದು ಫೋಲ್ಡರ್, ‘ಅಣ್ಣ’. ಒಳಗೆ ಇನ್ನೂರು ಚಿಲ್ಲರೆ ಫೋಟೋ.

“ಇದು ಏನ್ರಿ?”

“ನಿಮ್ಮ ಫೋಟೋ ಇರಬೇಕ್ರಿ.”

“ನಂದಾ? ನನ್ನ ಫೋಟೋ ಯಾವಾಗ ತಗದಾನ?” ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. “ಎಲ್ಲಾರ ಫೋಟೋ ತಗಿಯಾಂವ ನಾನು. ನನ್ನವು ಎಲ್ಲಿ ಅದಾವು? ಆಧಾರ ಕಾರ್ಡಿನ ಮ್ಯಾಲ ಒಂದು.” ಒಂದು ಕ್ಷಣ ಬಿಟ್ಟು, “ಇದನ್ನೂ ಒಯ್ದಾನೇನ್ರಿ ಅಂವ?”

ಡಿಸ್ಕಿಗೆ ಗೊತ್ತಿರುವುದು, ಇದ್ದದ್ದು ಈಗ ಇಲ್ಲ ಎಂಬುದಷ್ಟೇ. ಬೇರೆ ಕಡೆಗೆ ಒಯ್ದದ್ದೋ ಸುಮ್ಮನೆ ಅಳಿಸಿದ್ದೋ, ಎರಡೂ ಒಂದೇ ಥರ ಕಾಣುತ್ತವೆ. ಸುಳ್ಳು ಹೇಳಬೇಕೆನಿಸಿದರೂ ಹೇಳಲಿಲ್ಲ. “ಒಯ್ದಾನೋ, ಅಳಿಸ್ಯಾನೋ, ಇದರಾಗ ತಿಳಿಯೂದಿಲ್ರಿ” ಎಂದೆ.

“ಒಯ್ದಿರ್ತಾನ.” ಅವರು ತಮಗೆ ತಾವೇ ಹೇಳಿಕೊಂಡರು.

“ನಾಕು ಫೋಟೋ ತೆರದು ತೋರಸ್ಲೇನು?”

“ಬ್ಯಾಡ್ರಿ. ಅವನ ಪಾಲಿಂದು. ಕೇಳದ ತಗೀಬಾರದು. ಒರಿಸಿಬಿಡ್ರಿ ಇನ್ನ.”

ನಾನು ಒರೆಸಲಿಲ್ಲ. ಈ ಕೆಲಸದಲ್ಲಿ ನಾನು ಇಟ್ಟುಕೊಂಡ ನಿಯಮ ಒಂದಿದೆ: ಯಾರ ಡೇಟಾವೋ ಅವರನ್ನು ಕೇಳದೆ ಒರೆಸುವುದಿಲ್ಲ. ಗಿರಾಕಿ ಹೇಳಿದರೂ ಅಷ್ಟೇ. ಕೀಬೋರ್ಡ್ ಹಿಂದಕ್ಕೆ ತಳ್ಳಿ ಹೇಳಿದೆ. “ಅಣ್ಣಾರ, ತೆರಿಯಾಕ ಕೇಳಬೇಕಂದ್ರ ಒರಿಸಾಕೂ ಕೇಳಬೇಕ್ರಿ. ಫೋನ್ ಹಚ್ಚಿ ಕೇಳ್ರಿ. ಅಲ್ಲೀತನಕ ನಾ ಇದನ್ನ ಮುಟ್ಟೂದಿಲ್ಲ.”

“ನೀವ ಕೇಳ್ರಿ.”

“ನನ್ನ ತಮ್ಮ ಅಲ್ರಿ ಅಂವ.”

ಅವರು ಫೋನ್ ಕೈಗೆ ತೆಗೆದುಕೊಂಡು ಇಟ್ಟರು. ಮತ್ತೆ ತೆಗೆದುಕೊಂಡರು. “ಅಳಿಸೇನಿ ಅಂದ್ರ ಏನ್ ಮಾಡ್ಲಿ?” ಎಂದು ಮೆಲ್ಲಗೆ ಕೇಳಿದರು. ನಾನು ಹೊರಗೆ ಹೋಗಲು ಎದ್ದರೆ, ಕುಂಡ್ರಿ ಎಂದು ಸನ್ನೆ ಮಾಡಿ ನಂಬರ್ ಒತ್ತಿದರು. ಬೆರಳು ತಗುಲಿ ಸ್ಪೀಕರ್ ಕೂಡ ಹತ್ತಿಕೊಂಡಿತು.

ನಾಲ್ಕೈದು ಸಲ ರಿಂಗ್ ಆದ ಮೇಲೆ ಆ ಕಡೆಯಿಂದ ಧ್ವನಿ ಬಂತು. “ಹಲೋ.”

“ನಾನು.”

“ಹ್ಞೂಂ.”

“ಕಂಪ್ಯೂಟರ್ ಕೆಟ್ಟೈತಿ. ಡಿಸ್ಕ್ ಪೂರಾ ಒರಿಸಬೇಕಂತ. ಅದಕ್ಕ ಕೇಳಿದ್ನಿ. ನಿನ್ನ ಪಾಲಿನ್ಯಾಗಿಂದು ಏನರ ಬೇಕನ?”

ಆ ಕಡೆ ಯಾವುದೋ ಬಸ್ಸಿನ ಹಾರ್ನ್ ಮಾತ್ರ ಕೇಳಿಸಿತು.

“ನನ್ನ ಪಾಲು ಇನ್ನೂ ಇಟ್ಟೀಯೇನು?”

“ಐತಿ.”

“ಏನೂ ತುಂಬಿಲ್ಲೇನು ಅದರಾಗ?”

“ಇಲ್ಲ.”

ತಮ್ಮ ಹೇಳಿದ. “ಒರಿಸಂತ ಹೇಳು. ಎಲ್ಲಾ ನನ್ನ ಹಂತ್ಯಾಕ ಐತಿ.”

“ಎಲ್ಲಾ?”

“ಎಲ್ಲಾ ಅಂದ್ನೆಲ್ಲ. ಒಂದೂ ಅಳಿಸಿಲ್ಲ.”

“ಆತು” ಎಂದರು ಮಾಲೀಕರು. ಬಾ ಎಂದು ಇವರು ಕರೆಯಲಿಲ್ಲ, ಬರುತ್ತೇನೆ ಎಂದು ಅವನೂ ಅನ್ನಲಿಲ್ಲ. ಫೋನ್ ಇಟ್ಟರು. ಇಟ್ಟ ಮೇಲೂ ಅದನ್ನೇ ನೋಡುತ್ತ ಕುಳಿತರು. ಕರೆಯಬಾರದಿತ್ತೇ ಎಂದು ನನಗೆ ಒಳಗೊಳಗೇ ಹಳಹಳಿಯಾಯಿತು.

ಹೊಸ ಭಾಗಗಳ ಅಳತೆಯನ್ನು ಒಂದು ಹಾಳೆಯ ಮೇಲೆ ಬರೆದುಕೊಂಡೆ. ಹೊಸ ಪದ್ಧತಿಯಲ್ಲಿ ಸಿಸ್ಟಂ ತನಗಾಗಿ ಒಂದೆರಡು ಚಿಕ್ಕ ಭಾಗಗಳನ್ನು ಕಿತ್ತುಕೊಳ್ಳುತ್ತದೆ. ಮೊದಲೆರಡಕ್ಕೆ ಹಳೆಯ ಅಳತೆಯನ್ನೇ ಕೊಟ್ಟರೆ ಕೊನೆಯದಕ್ಕೆ ಒಂದಿಷ್ಟು ಕಡಿಮೆ ಬೀಳುತ್ತದೆ. ಹೇಗೆ ಮಾಡಲಿ ಎಂದು ಕೇಳಿದೆ. ಅವರು ಯೋಚನೆ ಮಾಡಲೇ ಇಲ್ಲ.

“ಮೊದಲ ಅವಂದು ಮಾಡ್ರಿ. ಕಮ್ಮಿ ಬಿದ್ದಿದ್ದು ನನಗಿರ್ಲಿ.”

ಮೂರಕ್ಕೂ ಈ ಸಲ ಹೆಸರು ಕೊಡುವುದೆಂದು ಬರೆದುಕೊಂಡೆ. ನನ್ನ ಪೋರ್ಟಬಲ್ ಡಿಸ್ಕನ್ನು ಕಿತ್ತು ಚೀಲದಲ್ಲಿಟ್ಟೆ. ಒರೆಸುವ ಹೊತ್ತಿಗೆ ಕಂಪ್ಯೂಟರಿನಲ್ಲಿ ಒಂದೇ ಡಿಸ್ಕ್ ಇರಬೇಕು, ಎರಡಿದ್ದರೆ ಅಂಕಿ ತಪ್ಪಿ ಬ್ಯಾಕಪ್ಪೇ ಹೋದ ಉದಾಹರಣೆಗಳಿವೆ. ಇನ್‌ಸ್ಟಾಲರ್ ಮತ್ತೆ ಬೂಟ್ ಮಾಡಿ, ಆಜ್ಞೆ ಟೈಪ್ ಮಾಡುವ ಕಪ್ಪು ಪರದೆ ತೆರೆದು, ಡಿಸ್ಕ್ ಆರಿಸಿ, ಅಳತೆ ಇನ್ನೊಮ್ಮೆ ಓದಿ, ಕ್ಲೀನ್ ಎಂದು ಟೈಪ್ ಮಾಡಿದೆ. ಎಂಟರ್ ಒತ್ತುವ ಮೊದಲು ಅವರ ಮುಖ ನೋಡಿದೆ. ಹ್ಞೂಂ ಎಂದರು. ಒತ್ತಿದೆ. ಹೊಸ ಪದ್ಧತಿಯ ಪಟ್ಟಿಗೆ ಬದಲಿಸುವ ಆಜ್ಞೆ ಕೊಟ್ಟು, ಪಾರ್ಟಿಷನ್ ಪುಟಕ್ಕೆ ಮರಳಿದೆ. ಐದು ಸಾಲು ಇದ್ದ ಕಡೆ ಈಗ ಒಂದೇ ಸಾಲು. ಒಂಬೈನೂರಾ ಮೂವತ್ತೊಂದು ಜಿಬಿ.

ಮಾಲೀಕರು ಪರದೆಯ ಹತ್ತಿರ ಬಗ್ಗಿದರು. “ಈಗ ಪಾಲು ಇಲ್ಲೇನ್ರಿ?”

“ಇನ್ನೂ ಮಾಡಿಲ್ರಿ. ಈಗ ಎಲ್ಲಾ ಒಂದ ಐತಿ.”

ನಾನು ಅಳತೆಯ ಹಾಳೆ ಎತ್ತಿಕೊಂಡು, ಮೊದಲ ಭಾಗಕ್ಕೆ ಅಂಕಿ ಹೊಡೆಯಲು ಹೋದೆ. ಅವರು ಕೈ ಅಡ್ಡ ಹಿಡಿದರು.

“ತಡೀರಿ ಅಕ್ಕಾರ. ಸ್ವಲ್ಪ ಹೊತ್ತು ಹಂಗ ಇರ್ಲಿ.”

ನಾನು ಹಾಳೆಯನ್ನು ಮಡಚಿ ಇಟ್ಟೆ. ಇಬ್ಬರೂ ಕುಳಿತು ನೋಡುತ್ತಿದ್ದೆವು.